ಉಮೇದುವಾರರ ಕಥೆ

ಕನ್ನಡದಲ್ಲಿ ಈಗ ಉಮೇದುವಾರ ಎಂದರೆ ಚುನಾವಣೆಗೆ ನಿಂತವನು. ಮರಾಠಿಯಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಉಳಿದುಕೊಂಡಿದೆ. ಅಲ್ಲಿ 'ಉಮೇದವಾರಿ ಮಾಡುವುದು' ಎಂದರೆ ಪಳಗಿದವರ ಕೈಕೆಳಗೆ ಇದ್ದು ಕಸುಬು ಕಲಿಯುವುದು. ಮೂಲ ಪಾರಸಿಯ 'ಉಮೀದ್', ಅಂದರೆ ಆಸೆ. ಕಂಪನಿ ಸರಕಾರದ ಕಾಲದಲ್ಲಿ ಕಚೇರಿಯ ಮೂಲೆಯಲ್ಲಿ ಸಂಬಳವಿಲ್ಲದೆ ಕೂತು, ಕಾಗದ ನಕಲು ಮಾಡುತ್ತಾ, ಎಂದಾದರೂ ಒಂದು ಜಾಗ ಖಾಲಿಯಾದೀತು ಎಂದು ಕಾಯುತ್ತಿದ್ದವನೇ ಉಮೇದುವಾರ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಇಂಟರ್ನ್.

ನನ್ನ ಕೆಲಸ ಇಂಥವರ ಜೊತೆಗೇ. ಕಾರ್ಖಾನೆಗಳ ಖರೀದಿ, ದಾಸ್ತಾನು, ಲೆಕ್ಕಪತ್ರಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಕನ್ಸಲ್ಟಿಂಗ್ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರು ಬರುತ್ತಾರೆ. ಮೂರು ತಿಂಗಳಲ್ಲಿ ಅವರು ಗ್ರಾಹಕರ ಮುಂದೆ ಕೂತು ಮಾತಾಡುವಂತಾಗಬೇಕು. ಈ ಕೆಲಸಕ್ಕಾಗಿ ವಾರಕ್ಕೆರಡು ಸಲ ರಾಂಜಣಗಾಂವಕ್ಕೆ ಹೋಗುತ್ತೇನೆ. ಪುಣೆಯಿಂದ ಅಹಮದನಗರದ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ರಸ್ತೆಯ ಪಕ್ಕ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿ, ಆಚೆಗೆ ಫಿಯಟ್, ಎಲ್‌ಜಿ, ವರ್ಲ್‌ಪೂಲ್ ಕಾರ್ಖಾನೆಗಳಿರುವ ಕೈಗಾರಿಕಾ ವಲಯ. ಗುಡಿಯಲ್ಲಿ ಕೇಳಿದರೆ ಮೂರ್ತಿಯ ನೆಲಮಾಳಿಗೆ ಕಟ್ಟಿಸಿದ್ದು ಮಾಧವರಾವ್ ಪೇಶವೆ ಎನ್ನುತ್ತಾರೆ. ಹೊಸಬರಿಗೆ ಕೆಲಸ ಕಲಿಸುವುದು ಹೇಗೆ ಎಂಬ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡುವವನಿಗೆ ಆ ಹೆಸರು ಗುಡಿಗಿಂತ ಮೊದಲು ಒಂದು ಕಚೇರಿಯನ್ನು ನೆನಪಿಸುತ್ತದೆ. ಅದು ಪುಣೆಯ ಹುಜೂರ್ ದಫ್ತರ.

ಪೇಶವೆಗಳ ಈ ಕೇಂದ್ರ ಕಚೇರಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಾರಕೂನರು ಇದ್ದರು ಎಂದು ಮರಾಠರ ಆಡಳಿತದ ಬಗ್ಗೆ ಬರೆದ ಸುರೇಂದ್ರನಾಥ ಸೇನ್ ಹೇಳುತ್ತಾರೆ. ಅದರಲ್ಲಿ ಎರಡು ಮುಖ್ಯ ವಿಭಾಗಗಳಿದ್ದವು. ಫಡನೀಸರ ಕೈಕೆಳಗಿನ ಚಾಲ್ತೆ ದಫ್ತರದಲ್ಲಿ ನಡೆಯುತ್ತಿರುವ ಲೆಕ್ಕ. ಏಕ ಬೇರೀಜ ದಫ್ತರದಲ್ಲಿ ಎಲ್ಲ ಇಲಾಖೆಗಳ ಒಟ್ಟು ಲೆಕ್ಕ. ನಾವು ಇವತ್ತಿಗೂ ಮೊತ್ತ ಕೂಡುವುದಕ್ಕೆ ಬೇರೀಜು ಹಾಕುವುದು ಎನ್ನುತ್ತೇವಲ್ಲ, ಅದೇ ಬೇರೀಜು. ಆದಾಯ ಖರ್ಚುಗಳನ್ನು ಬಾಬತ್ತಿನ ಪ್ರಕಾರ ವಿಂಗಡಿಸಿದ ಸಾರಾಂಶಕ್ಕೆ ತರ್ಜುಮಾ ಎನ್ನುತ್ತಿದ್ದರು. ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು, ಆ ಗಂಟಿಗೆ ರುಮಾಲು ಎಂದು ಹೆಸರು. ನಾನು ರಾಂಜಣಗಾಂವದಲ್ಲಿ ಮಾಡಿಸುವ ಕೆಲಸಕ್ಕೂ ಇದಕ್ಕೂ ರಚನೆಯಲ್ಲಿ ಬಹಳ ವ್ಯತ್ಯಾಸವಿಲ್ಲ.

ಹೊಸ ಕಾರಕೂನ ಇದನ್ನೆಲ್ಲ ಎಲ್ಲಿ ಕಲಿಯುತ್ತಿದ್ದ? ಕೈಪಿಡಿಗಳು ಇದ್ದವು. ದೇವಗಿರಿ ಯಾದವರ ಮಂತ್ರಿ ಹೇಮಾದ್ರಿಯ ಹೆಸರಿನಲ್ಲಿ ಬಂದ 'ಮೇಸ್ತಕ'ವೇ ಇತ್ತು. ಯಾರಿಗೆ ಹೇಗೆ ಪತ್ರ ಬರೆಯಬೇಕು, ಕಚೇರಿಯ ಬರವಣಿಗೆ ಹೇಗಿರಬೇಕು ಎಂದು ಹೇಳುವ ಪರಂಪರೆ ಅದು. ಆದರೆ ಮೇಸ್ತಕ ಓದಿದ ಮಾತ್ರಕ್ಕೆ ಯಾರೂ ಕಾರಕೂನ ಆಗುತ್ತಿರಲಿಲ್ಲ. ಮೋಡಿ ಲಿಪಿಯ ಸಂಕ್ಷೇಪಗಳು, ಯಾವ ಬಾಬತ್ತಿನಲ್ಲಿ ಏನು ಅಡಗಿದೆ, ಯಾವ ರುಮಾಲಿನಲ್ಲಿ ಯಾವ ಪರಗಣೆ, ಇದೆಲ್ಲ ಹಿರಿಯನ ಪಕ್ಕದಲ್ಲಿ ಕೂತು ಬರುವ ವಿದ್ಯೆ. ತಂದೆ, ಸೋದರಮಾವ, ಅಣ್ಣ ಯಾರಾದರೂ ಕೂರಿಸಿಕೊಳ್ಳಬೇಕು.

ಆ ಸಾಲು ಮುರಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ದಫ್ತರ ಸಾಕ್ಷಿ. ನಾನಾ ಫಡ್ನವೀಸನ ಕಾಲದವರೆಗೆ ಕಟ್ಟುನಿಟ್ಟಾಗಿ ನಡೆದ ಕಚೇರಿ, 1796ರಲ್ಲಿ ಎರಡನೇ ಬಾಜೀರಾಯ ಪೇಶವೆಯಾದ ಮೇಲೆ ಸೊರಗಿತು. ಕಾರಕೂನರ ಸಿಬ್ಬಂದಿಯನ್ನು ಹೆಚ್ಚುಕಡಿಮೆ ತೆಗೆದೇಹಾಕಲಾಯಿತು, ಕಾಗದಗಳನ್ನು ಕೇಳುವವರಿಲ್ಲದಂತಾಯಿತು. 1818ರಲ್ಲಿ ಇಂಗ್ಲಿಷರ ಕೈಗೆ ಬಂದದ್ದು ಇಂಥ ದಫ್ತರ.

ಇದು ಪುಣೆಯವರ ತಾಪತ್ರಯ ಮಾತ್ರ ಆಗಿರಲಿಲ್ಲ. 1843ರ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಇನಾಮು ಜಮೀನುಗಳ ತನಿಖೆ ಶುರುವಾಯಿತು. 1852ರ ಕಾನೂನಿನಿಂದ ಇನಾಂ ಕಮಿಷನ್‌ಗೆ ಪೂರ್ಣ ಅಧಿಕಾರ ಬಂತು. ನಿಮ್ಮ ಅಜ್ಜನಿಗೆ ಈ ಹೊಲ ಇನಾಮು ಬಂದದ್ದು ನಿಜವೇ? ಸನದು ತೋರಿಸಿ. ಇಲ್ಲವೇ ಪುಣೆಯ ದಫ್ತರದಲ್ಲಿ ನಮೂದು ಇರಬೇಕು. ಎಷ್ಟೋ ವರ್ಷಗಳ ಹಿಂದೆ ಯಾವನೋ ಕಾರಕೂನ ಸರಿಯಾಗಿ ಬರೆದಿಟ್ಟನೋ ಇಲ್ಲವೋ, ಆ ಮೋಡಿಯನ್ನು ಈಗ ಓದುವವನಿಗೆ ಅದು ಅರ್ಥವಾಯಿತೋ ಇಲ್ಲವೋ ಎಂಬುದರ ಮೇಲೆ ನಮ್ಮ ಕಡೆಯ ಮನೆತನಗಳ ಅನ್ನ ನಿಂತಿತ್ತು. 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದಾಗ ಆ ಸೀಮೆಯಲ್ಲಿ ಹೊಗೆಯಾಡುತ್ತಿದ್ದ ಸಿಟ್ಟುಗಳಲ್ಲಿ ಈ ತನಿಖೆಯದೂ ಒಂದು.

ಪಕ್ಕದಲ್ಲಿ ಕೂತು ಕಲಿಯುವುದು ಎಂದರೇನು ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ. ಕಳೆದ ವರ್ಷ ಸಿಂದಗಿ ಕಡೆಯ ಹುಡುಗಿಯೊಬ್ಬಳು ನಮ್ಮ ತಂಡಕ್ಕೆ ಬಂದಳು. ತರಬೇತಿಯಲ್ಲಿ ಒಳ್ಳೆಯ ಅಂಕ. ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ದಾಸ್ತಾನು ತಾಳೆ ನೋಡಲು ಕಳಿಸಿದ್ದೆ. ಮಧ್ಯಾಹ್ನ ಫೋನ್ ಮಾಡಿದಳು.

"ಸರ, ಸಿಸ್ಟಮ್‌ನ್ಯಾಗ ನೂರಾ ಇಪ್ಪತ್ತು ಅದಾವ್ರಿ, ರ‍್ಯಾಕಿನ್ಯಾಗ ಎಣಿಸಿದ್ರ ನೂರಾ ಹದಿನೆಂಟು. ಯಾವುದು ಖರೆ ಅಂತ ಹಿಡೀಲ್ರಿ?"

"ಎರಡೂ ಖರೇನ ಇರಬಹುದು. ಅಲ್ಲಿರೋ ಹಿರಿಯರನ್ನ ಕೇಳವ್ವಾ," ಎಂದೆ.

ಸಂಜೆ ಅವಳೇ ಬಂದು ವಿವರಿಸಿದಳು. ಸ್ಟೋರ್ಸ್‌ನ ಕಾಕಾ ಅವಳನ್ನು ಬಾಗಿಲ ಹಿಂದಿನ ಇನ್ನೊಂದು ರ‍್ಯಾಕಿಗೆ ಕರೆದುಕೊಂಡು ಹೋದರಂತೆ. ಕೆಂಪು ಚೀಟಿ ಅಂಟಿಸಿದ ಎರಡು ಭಾಗಗಳು ಅಲ್ಲಿದ್ದವು. ಗುಣಮಟ್ಟ ನೋಡುವವರು ಬಂದು ಸಹಿ ಹಾಕುವ ತನಕ ಅವನ್ನು ಲೆಕ್ಕದಿಂದ ತೆಗೆಯುವಂತಿಲ್ಲ, ಬಳಸುವಂತೆಯೂ ಇಲ್ಲ. ನಮ್ಮ ಯಾವ ಸ್ಲೈಡಿನಲ್ಲೂ ಆ ಬಾಗಿಲ ಹಿಂದಿನ ರ‍್ಯಾಕು ಇರಲಿಲ್ಲ. ಮರುದಿನದಿಂದ ಆ ಹುಡುಗಿ ಮೊದಲು ಕೇಳುವ ಪ್ರಶ್ನೆಯೇ ಬದಲಾಯಿತು: "ಕಾಕಾ, ಇದರದ್ದು ಬೇರೆ ಎಲ್ಲೆರ ಇಟ್ಟೀರೇನು?" ಮರಾಠಿಯಲ್ಲಿ, ಅವಳಿಗೆ ಬಂದಷ್ಟು.

ಇಷ್ಟು ಹೇಳಿ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎಂದು ಮುಗಿಸಿಬಿಡಬಹುದು. ಆದರೆ ಚರಿತ್ರೆ ಹಾಗೆ ಬಿಡುವುದಿಲ್ಲ. ಪಕ್ಕದಲ್ಲಿ ಕೂರುವ ಜಾಗ ಯಾರಿಗೆ ಸಿಗುತ್ತಿತ್ತು? ಸಂಬಳವಿಲ್ಲದೆ ವರ್ಷಗಟ್ಟಲೆ ಕಾಯುವ ಶಕ್ತಿ ಇದ್ದವರಿಗೆ. ಬಹುಪಾಲು ಬ್ರಾಹ್ಮಣ, ಪ್ರಭು ಮನೆಗಳ ಗಂಡುಮಕ್ಕಳಿಗೆ. ಪುಣೆಯಲ್ಲೇ ಕೂತು ಜೋತಿಬಾ ಫುಲೆ 1883ರಲ್ಲಿ 'ಶೇತಕರ್ಯಾಚಾ ಆಸೂಡ' ಬರೆದಾಗ ಅವರ ಸಿಟ್ಟಿನ ಒಂದು ಗುರಿ ಇದೇ ಆಗಿತ್ತು. ಕಾಗದ ಒಂದೇ ಗುಂಪಿನ ಕೈಯಲ್ಲಿದ್ದರೆ, ಓದಲು ಬಾರದ ರೈತ ಅದರ ಮುಂದೆ ನಿಂತು ಸೋಲುತ್ತಾನೆ. ಸಿಂದಗಿಯ ಈ ಹುಡುಗಿಗೆ ಹುಜೂರ್ ದಫ್ತರದಲ್ಲಿ ಜಾಗ ಸಿಗುತ್ತಿರಲಿಲ್ಲ ಎಂಬುದನ್ನು ಮರೆತು ನಾನು ಆ ದಫ್ತರವನ್ನು ಹೊಗಳಲಾರೆ.

ಅದಕ್ಕೇ ತರಬೇತಿಯ ದೊಡ್ಡ ಹಾಲುಗಳು ನನಗೆ ಮುಖ್ಯವಾಗಿ ಕಾಣುತ್ತವೆ. 1981ರಲ್ಲಿ ಇದೇ ಪುಣೆಯಲ್ಲಿ ಏಳು ಜನ ಎಂಜಿನಿಯರರು ಇನ್ಫೋಸಿಸ್ ಶುರು ಮಾಡಿದರು. ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿಯ ಕಥೆ ನಮಗೆಲ್ಲ ಬಾಯಿಪಾಠ. 1983ರಲ್ಲಿ ಕಂಪನಿ ಬೆಂಗಳೂರಿಗೆ ಹೋಯಿತು. ಮುಂದೆ ಮೈಸೂರಿನಲ್ಲಿ ಒಂದೇ ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹೊಸಬರು ಕಲಿಯಬಹುದಾದ ಕೇಂದ್ರ ಕಟ್ಟಿತು. ಇಂಥ ಕಡೆ ಕೊಡುವ ಪಾಠ ಸ್ಟೋರ್ಸ್‌ನ ಬಾಗಿಲ ಹಿಂದಿನ ರ‍್ಯಾಕನ್ನು ತೋರಿಸಲಾರದು, ನಿಜ. ಆದರೆ ಕಲಿಯುವ ಕಾಲಕ್ಕೆ ಸಂಬಳ ಕೊಟ್ಟು, ಸೋದರಮಾವ ಯಾರು ಎಂದು ಕೇಳದೆ ಒಳಗೆ ಬಿಟ್ಟುಕೊಂಡಿತು. ಉಮೇದುವಾರನ ಮೂಲೆಗೂ ಈ ಹಾಲಿಗೂ ಇರುವ ದೊಡ್ಡ ಅಂತರ ಇದೇ.

ಈಗ ಮೂರನೆಯ ಘಟ್ಟ ಬಂದಿದೆ. ನಕಲು ಮಾಡುವುದು, ಟಿಪ್ಪಣಿ ತಯಾರಿಸುವುದು, ಎರಡು ಪಟ್ಟಿ ತಾಳೆ ನೋಡುವುದು ಹೊಸಬರ ಮೊದಲ ಮೆಟ್ಟಿಲಾಗಿತ್ತು. ಈ ಕೆಲಸಗಳನ್ನು ಎಐ ಕ್ಷಣದಲ್ಲಿ ಮಾಡುತ್ತದೆ. ಹಾಗಾದರೆ ಹೊಸಬರು ಏಕೆ ಬೇಕು ಎಂದು ನಮ್ಮ ಸಭೆಗಳಲ್ಲಿ ಕೇಳುತ್ತಾರೆ. ಬಾಜೀರಾಯನಿಗೂ ಕಾರಕೂನರು ದಂಡದ ಖರ್ಚಾಗಿಯೇ ಕಂಡಿರಬೇಕು. ಪುಣೆಯ ಪುರಾಭಿಲೇಖಾಗಾರದಲ್ಲಿ ಕೋಟಿಗಟ್ಟಲೆ ಮೋಡಿ ಕಾಗದಗಳಿವೆ, ಓದುವವರು ಕೆಲವೇ ಮಂದಿ. ಸರಕಾರವೇ ಈಗ ಮೋಡಿ ಕಲಿಸುವ ತರಗತಿ ನಡೆಸಬೇಕಾಗಿದೆ. ದಾಖಲೆ ಉಳಿದರೂ ಅದನ್ನು ಬಲ್ಲವರ ಸಾಲು ತುಂಡಾದರೆ ಗತಿ ಇಷ್ಟೇ.

ನನಗಿರುವ ಭಯ ಇನ್ನೊಂದು. ಮೊದಲ ಮೆಟ್ಟಿಲು ತೆಗೆದುಬಿಟ್ಟರೆ ಪಕ್ಕದಲ್ಲಿ ಕೂರುವ ಜಾಗಗಳು ಕಮ್ಮಿಯಾಗುತ್ತವೆ. ಕಮ್ಮಿಯಾದ ಜಾಗ ಮತ್ತೆ ಪರಿಚಯದವರಿಗೇ, ಸಂಬಳವಿಲ್ಲದೆ ಕಾಯಬಲ್ಲವರಿಗೇ ಹೋಗುತ್ತದೆ. ಅದಕ್ಕೆ ನನ್ನ ತಂಡದಲ್ಲಿ ಒಂದು ಪಾಳಿ ಪಟ್ಟಿ ಮಾಡಿದ್ದೇನೆ. ಬಂದವರು ಯಾರೇ ಇರಲಿ, ಯಾವ ಕಾಲೇಜಿನವರೇ ಇರಲಿ, ಮೊದಲ ಎರಡು ವಾರ ಕಾರ್ಖಾನೆಯ ಹಿರಿಯರೊಬ್ಬರ ಪಕ್ಕ ಒಂದು ಕುರ್ಚಿ, ಸಂಬಳ ಸಮೇತ. ಯಂತ್ರ ಕೊಟ್ಟ ಉತ್ತರವನ್ನು ಅವರು ರ‍್ಯಾಕಿನ ಮುಂದೆ ನಿಂತು ತಾಳೆ ನೋಡಬೇಕು. ಹೆಸರುಗಳು ಅಕಾರಾದಿಯಾಗಿ ಬರುತ್ತವೆ, ಶಿಫಾರಸಿಗೆ ಅಲ್ಲಿ ಕಾಲಂ ಇಲ್ಲ. ಈ ಎರಡು ವಾರದ ಖರ್ಚು ಯಾವ ಬಾಬತ್ತಿಗೆ ಎಂದು ಹಣಕಾಸಿನವರು ಪ್ರತಿ ಮೂರು ತಿಂಗಳಿಗೊಮ್ಮೆ ಕೇಳುತ್ತಾರೆ. ಉತ್ತರ ಬರೆದು ಕಳಿಸುತ್ತಿದ್ದೇನೆ.