ಸೂರ್ಯನ ನೇರಳಾತೀತ ಕಿರಣಗಳೂ ಮಾಪಕಯಂತ್ರಗಳ ಪ್ರಾಮಾಣ್ಯವೂ

ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧವೆಂದು ಮೀಮಾಂಸಕರು ಹೇಳುವರು. ಅದು ಪರತಃ, ಎಂದರೆ ಬೇರೊಂದು ಪ್ರಮಾಣದಿಂದ ನಿಶ್ಚಯವಾಗತಕ್ಕದ್ದೆಂದು ನೈಯಾಯಿಕರು ವಾದಿಸುವರು. ಈ ವಾದವು ಶಾಸ್ತ್ರಗ್ರಂಥಗಳಲ್ಲಿಯೇ ಮುಗಿದುಹೋದುದಲ್ಲ. ಕಣ್ಣಿಗೆ ಕಾಣದ ವಸ್ತುವನ್ನು ಯಂತ್ರದ ಮಾತಿನಿಂದಲೇ ಅರಿಯಬೇಕಾದೆಡೆಗಳಲ್ಲೆಲ್ಲ ಅದು ಮತ್ತೆ ತಲೆಯೆತ್ತುತ್ತದೆ. ಸೂರ್ಯನ ನೇರಳಾತೀತ ಕಿರಣಗಳನ್ನು ಅಳೆದ ಯಂತ್ರಗಳ ಚರಿತ್ರೆಯು ಇದಕ್ಕೆ ಉತ್ತಮವಾದ ನಿದರ್ಶನವಾಗಿದೆ.

ಕ್ರಿ. ಶ. 1801ರಲ್ಲಿ ಯೇನಾ ನಗರದ ರಿಟ್ಟರ್ ಎಂಬ ವಿದ್ವಾಂಸನು ಬೆಳ್ಳಿಯ ಲವಣವನ್ನು ವರ್ಣಪಟಲದಲ್ಲಿಟ್ಟು ಪರೀಕ್ಷಿಸಿದನು. ನೇರಳೆಬಣ್ಣದಿಂದಾಚೆಗೆ, ಬೆಳಕೇ ಕಾಣದ ಸ್ಥಳದಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ನೇರಳಾತೀತ ಕಿರಣಗಳು ಹೀಗೆ ವಿದಿತವಾದುವು. ಭೂಮಿಗೆ ಬರುವ ಸೂರ್ಯಕಿರಣಗಳ ಪಟಲವು ಸುಮಾರು 300 ನ್ಯಾನೋಮೀಟರ್ ತರಂಗದೈರ್ಘ್ಯದ ಬಳಿಯಲ್ಲಿ ಥಟ್ಟನೆ ನಿಂತುಹೋಗುವುದನ್ನು ಫ್ರಾನ್ಸಿನ ಕೊರ್ನು ಎಂಬವನು ಆ ಶತಮಾನದ ಎಂಟನೆಯ ದಶಕದ ಕೊನೆಯಲ್ಲಿ ತೋರಿಸಿದನು. ಇದಕ್ಕೆ ಕಾರಣ ಆಕಾಶದಲ್ಲಿರುವ ಓಜೋನ್ ಅನಿಲವೆಂದು 1881ರಲ್ಲಿ ಹಾರ್ಟ್ಲೀ ಎಂಬವನು ಪ್ರತಿಪಾದಿಸಿದನು. ಆದುದರಿಂದ ಕಿರಣಗಳ ಅಳತೆಯೂ ಓಜೋನಿನ ಅಳತೆಯೂ ಒಂದನ್ನೊಂದು ಬಿಟ್ಟಿರಲಾರವು.

1920ರ ದಶಕದಲ್ಲಿ ಆಕ್ಸ್‌ಫರ್ಡಿನ ಡಾಬ್ಸನ್ ನಿರ್ಮಿಸಿದ ಯಂತ್ರಗಳು ಈ ಸಂಬಂಧವನ್ನೇ ಆಶ್ರಯಿಸಿದುವು. ಓಜೋನು ಬಹಳವಾಗಿ ಹೀರುವ ಒಂದು ಕಿರಣ, ಸ್ವಲ್ಪವೇ ಹೀರುವ ಇನ್ನೊಂದು ಕಿರಣ, ಇವೆರಡರ ನಿಷ್ಪತ್ತಿಯನ್ನು ಅವು ಅಳೆಯುತ್ತವೆ. ಎರಡಕ್ಕೂ ಸಮಾನವಾದ ದೋಷವು ನಿಷ್ಪತ್ತಿಯಲ್ಲಿ ಲಯವಾಗುವುದೇ ಇದರ ಗುಣ. 1928–29ರಲ್ಲಿ ಡಾಬ್ಸನ್ ದೂರದೇಶಗಳಿಗೆ ಕಳುಹಿಸಿದ ಯಂತ್ರಗಳಲ್ಲಿ ಒಂದು ದಕ್ಷಿಣ ಭಾರತದ ಕೊಡೈಕಾನಲ್ ವೀಕ್ಷಣಾಲಯಕ್ಕೆ ಬಂದಿತು. ಓಜೋನನ್ನೆಲ್ಲ ನೆಲದ ಮಟ್ಟಕ್ಕಿಳಿಸಿ ಹರಡಿದರೆ ಆಗುವ ದಪ್ಪ ಸುಮಾರು 3 ಮಿಲಿಮೀಟರ್. ಅದನ್ನೇ 300 ಡಾಬ್ಸನ್ ಮಾನವೆಂದು ಎಣಿಸುವುದು ರೂಢಿ.

ಕಿರಣಗಳನ್ನೇ ನೇರವಾಗಿ ಅಳೆಯಲು ರಾಬರ್ಟ್ಸನ್–ಬರ್ಗರ್ ಮಾಪಕವು ಹುಟ್ಟಿತು. ಇದು ತರಂಗದೈರ್ಘ್ಯಗಳನ್ನು ಬೇರ್ಪಡಿಸದೆ, ಚರ್ಮವನ್ನು ಸುಡುವ ಕಿರಣಗಳ ಒಟ್ಟು ಪ್ರಭಾವವನ್ನು ಒಂದೇ ಸಂಖ್ಯೆಯಲ್ಲಿ ಕೊಡುತ್ತದೆ. ಸುಲಭವಾದ ಯಂತ್ರ, ಆದರೆ ಉಷ್ಣತೆಯು ಬದಲಾದಂತೆ ಇದರ ಗ್ರಹಣಶಕ್ತಿಯೂ ಬದಲಾಗುತ್ತದೆ. ಅಮೆರಿಕದ ಎಂಟು ಸ್ಥಳಗಳಲ್ಲಿ 1974ರಿಂದ 1985ರ ವರೆಗೆ ಈ ಮಾಪಕಗಳು ಬರೆದಿಟ್ಟ ಲೆಕ್ಕವನ್ನು ಸ್ಕಾಟೋ ಮೊದಲಾದವರು 1988ರಲ್ಲಿ ಪ್ರಕಟಿಸಿದರು. ಓಜೋನು ಕ್ಷೀಣಿಸಿ ಕಿರಣಗಳು ಹೆಚ್ಚಬೇಕೆಂದು ಲೋಕವು ಭಯಪಡುತ್ತಿದ್ದಾಗ, ಅವು ಕಡಿಮೆಯಾಗಿವೆಯೆಂದು ಆ ಲೆಕ್ಕವು ಹೇಳಿತು! ಓಜೋನಿನ ಭಯವು ಅತಿಶಯೋಕ್ತಿಯೆಂದು ವಾದಿಸುತ್ತಿದ್ದವರಿಗೆ ಇದು ದೊಡ್ಡ ಆಧಾರವಾಯಿತು.

ಎಂಟು ಕಡೆಗಳ ಸಾಕ್ಷ್ಯವು ಒಂದೇ ಆಗಿರುವಾಗ ಅದನ್ನು ನಂಬದಿರುವುದು ಹೇಗೆ? ಇದಕ್ಕೆ ಉತ್ತರವನ್ನು ಗ್ರಂಥಸಂಪಾದಕರು ಬಲ್ಲರು. ಒಂದೇ ಮೂಲಪ್ರತಿಯಿಂದ ಇಳಿದ ಹತ್ತು ಓಲೆಗಳು ಒಂದೇ ಅಪಪಾಠವನ್ನು ಕೊಟ್ಟರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಈ ಮಾಪಕಗಳು ಒಂದೇ ಜಾತಿಯವು; ಸಮಾನವಾದ ಮಾಪನಾಂಕ ನಿರ್ಣಯಕ್ಕೆ ಒಳಪಟ್ಟವು. ನಗರಗಳ ಹೊಗೆಧೂಳುಗಳು ಕಿರಣಗಳನ್ನು ತಡೆದಿರಬಹುದೆಂದು ಕೆಲವರು ಸಮಾಧಾನ ಹೇಳಿದರು. 1997ರಲ್ಲಿ ನಡೆದ ಪುನರ್ವಿಮರ್ಶೆಯು ಯಂತ್ರಗಳ ಕಡೆಗೇ ದೃಷ್ಟಿಯನ್ನು ತಿರುಗಿಸಿತು. ಮಾಪನಾಂಕದ ವ್ಯತ್ಯಾಸವನ್ನೂ ಉಷ್ಣತೆಯ ಪ್ರಭಾವವನ್ನೂ ಶೋಧಿಸದೆ ಆ ಲೆಕ್ಕದಿಂದ ಪ್ರಕೃತಿಯ ಗತಿಯನ್ನು ನಿರ್ಣಯಿಸಲಾಗದೆಂಬುದು ಸ್ಪಷ್ಟವಾಯಿತು.

ಇದಕ್ಕೆ ಪ್ರತಿಯಾದ ಉದಾಹರಣೆ ಕೆನಡಾದ ಟೊರಾಂಟೋ ನಗರದ್ದು. ಅಲ್ಲಿ ಕೆರ್, ಮೆಕ್‌ಎಲ್ರಾಯ್ ಎಂಬವರು 1989ರಿಂದ 1993ರ ವರೆಗೆ ಬ್ರೂವರ್ ಯಂತ್ರದಿಂದ ಕಿರಣಗಳನ್ನು ತರಂಗದೈರ್ಘ್ಯವಾರಾಗಿ ಅಳೆದರು. 300 ನ್ಯಾನೋಮೀಟರಿನ ಬಳಿ ಚಳಿಗಾಲದಲ್ಲಿ ವರ್ಷಕ್ಕೆ ನೂರಕ್ಕೆ 35ರಂತೆಯೂ ಬೇಸಗೆಯಲ್ಲಿ 7ರಂತೆಯೂ ವೃದ್ಧಿ ಕಂಡಿತು. ಓಜೋನಿನ ಪ್ರಭಾವವು ಅತ್ಯಲ್ಪವಾದ 324ರ ಬಳಿ ವೃದ್ಧಿ ಕಾಣಲಿಲ್ಲ. ಮೋಡವಾಗಲಿ ಯಂತ್ರದ ಸಾಮಾನ್ಯದೋಷವಾಗಲಿ ಕಾರಣವಾಗಿದ್ದರೆ ಎರಡು ಕಡೆಗಳಲ್ಲಿಯೂ ಬದಲಾವಣೆ ಕಾಣಬೇಕಾಗಿತ್ತು. ಆದರೂ ಚಳಿಗಾಲದ ಆ ದೊಡ್ಡ ಸಂಖ್ಯೆಯು 1993ರ ಮಾರ್ಚ್ ಕೊನೆಯ ಕೆಲವೇ ದಿನಗಳನ್ನು ಅವಲಂಬಿಸಿದೆಯೆಂಬ ಆಕ್ಷೇಪವು ಮರುವರ್ಷವೇ ಬಂದಿತು. ಯಂತ್ರವು ಶುದ್ಧವಾದ ಮಾತ್ರಕ್ಕೆ ಅನುಮಾನವು ಶುದ್ಧವಾಗದೆಂಬುದು ಇದರಿಂದ ತಿಳಿಯುತ್ತದೆ.

ಯಂತ್ರಸಾಕ್ಷ್ಯಗಳ ವಿರೋಧವು ಅತ್ಯಂತ ತೀವ್ರವಾದುದು ದಕ್ಷಿಣಧ್ರುವಪ್ರದೇಶದಲ್ಲಿ. ಹ್ಯಾಲೀ ಠಾಣೆಯ ಡಾಬ್ಸನ್ ಯಂತ್ರವು ಅಕ್ಟೋಬರ್ ತಿಂಗಳಲ್ಲಿ ಮೊದಲು ಸುಮಾರು 300 ಮಾನಗಳನ್ನು ತೋರಿಸುತ್ತಿದ್ದು, 1984ರ ವೇಳೆಗೆ 200ಕ್ಕಿಂತ ಕೆಳಗಿಳಿಯಿತು. ಹಳೆಯ ಯಂತ್ರದ ಸ್ಥಾನದಲ್ಲಿ ಬೇರೊಂದನ್ನಿಟ್ಟರೂ ಇಳಿತವು ಹೋಗಲಿಲ್ಲ. ಆಮೇಲೆಯೇ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬವರು 1985ರಲ್ಲಿ ಅದನ್ನು ಪ್ರಕಟಿಸಿದರು. ನಿಂಬಸ್-7 ಎಂಬ ಕೃತಕ ಉಪಗ್ರಹದ ಗಣಕವು ಇದೇ ಇಳಿತವನ್ನು ಕಂಡೂ ಎಸೆದುಬಿಟ್ಟಿತೆಂಬ ಜನವಾರ್ತೆಯುಂಟು. ಅದು ಪೂರ್ಣವಾಗಿ ಸರಿಯಲ್ಲ. 180ಕ್ಕಿಂತ ಕಡಿಮೆಯಾದ ಸಂಖ್ಯೆಗಳಿಗೆ ಸಂದೇಹದ ಗುರುತು ಬಿದ್ದಿತ್ತು, ಅಷ್ಟೆ. ವಿಜ್ಞಾನಿಗಳು ಅವನ್ನು ದಕ್ಷಿಣಧ್ರುವದ ಠಾಣೆಯ ಡಾಬ್ಸನ್ ಯಂತ್ರದೊಡನೆ ಹೋಲಿಸಿದಾಗ ಅದು ಸುಮಾರು 300ನ್ನೇ ತೋರಿಸಿ ಸಂದೇಹವನ್ನು ಬಲಪಡಿಸಿತು. ತಪ್ಪು ತರಂಗದೈರ್ಘ್ಯಕ್ಕೆ ಹೊಂದಿಸಲ್ಪಟ್ಟಿದ್ದ ಆ ಯಂತ್ರದ ಮಾತೇ ಅಪ್ರಮಾಣವೆಂದು ಅನಂತರ ತಿಳಿಯಿತು.

ಇಂತಹ ಅನುಭವಗಳಿಂದ ತುಲನೆಯೇ ಒಂದು ವ್ಯವಸ್ಥೆಯಾಗಿ ಬೆಳೆದಿದೆ. ಟೊರಾಂಟೋದಲ್ಲಿ ಮೂರು ಬ್ರೂವರ್ ಯಂತ್ರಗಳನ್ನು ಒಟ್ಟಿಗಿಟ್ಟು ಒಂದರಿಂದೊಂದನ್ನು ಶೋಧಿಸುವ ಪದ್ಧತಿ ಏರ್ಪಟ್ಟಿತು. ಯೂರೋಪಿನಲ್ಲಿ 2002ರಿಂದ ಪ್ರಮಾಣಯಂತ್ರವೊಂದನ್ನು ಠಾಣೆಯಿಂದ ಠಾಣೆಗೆ ಒಯ್ದು, ಸ್ಥಳೀಯ ಯಂತ್ರದ ಪಕ್ಕದಲ್ಲಿಟ್ಟು, ಒಂದೇ ಸೂರ್ಯನ ಕೆಳಗೆ ಹೋಲಿಸುವ ಕ್ರಮವು ಬಂದಿತು. ಓರೆಯಾಗಿ ಬೀಳುವ ಕಿರಣಗಳನ್ನು ಕಡಿಮೆಯಾಗಿ ಎಣಿಸುವುದು, ಒಳಗೆ ಚದರಿದ ಪರಕಿರಣವನ್ನು ತನ್ನದೆಂದು ಎಣಿಸುವುದು, ಇವೇ ಮೊದಲಾದ ದೋಷಗಳು ಇಂತಹ ತುಲನೆಯಲ್ಲಿ ಹೊರಬೀಳುತ್ತವೆ.

ಹೀಗಿರಲು, ಪ್ರಾಮಾಣ್ಯವು ಪರತಃ ಎಂಬ ನೈಯಾಯಿಕಪಕ್ಷವೇ ಇಲ್ಲಿ ಬಲವತ್ತರವಾಗಿ ತೋರುತ್ತದೆ. ಆದರೆ ಅದಕ್ಕೊಂದು ವಿಶೇಷಣವನ್ನು ಸೇರಿಸಬೇಕು. ಪರೀಕ್ಷಿಸುವ ಪ್ರಮಾಣವು ಪರೀಕ್ಷ್ಯವಾದುದರ ದೋಷದಲ್ಲಿ ಪಾಲುಗೊಂಡಿರಬಾರದು. ತಾನೂ ಪರೀಕ್ಷೆಗೆ ಒಳಗಾಗಿರಬೇಕು. ಎಂಟು ಮಾಪಕಗಳ ಐಕಮತ್ಯವು ಸತ್ಯವನ್ನು ಸ್ಥಾಪಿಸಲಾರದೆ ಹೋಯಿತು. ಧ್ರುವದ ಯಂತ್ರದ ಪ್ರತಿಸಾಕ್ಷ್ಯವು ಸತ್ಯವನ್ನೇ ಮರೆಮಾಡಿತು. ಸಾಕ್ಷಿಗಳನ್ನು ಎಣಿಸುವುದಕ್ಕೆ ಮೊದಲು ಅವುಗಳ ಮೂಲವನ್ನು ವಿಚಾರಿಸಬೇಕೆಂಬುದು ಓಲೆಯ ಗರಿಗಳಿಗೂ ಸೂರ್ಯಮಾಪಕಗಳಿಗೂ ಸಮಾನವಾದ ನಿಯಮವಾಗಿದೆ.