ಮೈಬಣ್ಣ ಮರೆಸಿ ಬದುಕಿದ ಬೆಳ್ಳಿತೆರೆಯ ತಾರೆ

ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದ ರಾಜಧಾನಿ ಹೋಬಾರ್ಟ್. 1978ರಲ್ಲಿ ಅಲ್ಲೊಂದು ಸ್ವಾಗತ ಸಮಾರಂಭ ಏರ್ಪಾಡಾಗಿತ್ತು. ತಮ್ಮೂರಿನ ಮಗಳೊಬ್ಬಳು ಹಾಲಿವುಡ್ಡಿನ ಜಗತ್ಪ್ರಸಿದ್ಧ ತಾರೆಯಾಗಿ, ಎಷ್ಟೋ ದಶಕಗಳ ನಂತರ ತವರಿಗೆ ಬಂದಿದ್ದಾಳೆಂಬ ಸಡಗರ ಊರವರದು. ಆದರೆ ಸನ್ಮಾನಕ್ಕೆ ಬಂದ ತಾರೆಯ ಮುಖದಲ್ಲಿ ಆ ಸಡಗರ ಕಾಣಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿ ಆಕೆ ಬೇಗನೆ ಅಲ್ಲಿಂದ ಸರಿದುಹೋದಳು.

ಆಕೆಯ ಹೆಸರು ಮರ್ಲ್ ಒಬೆರಾನ್. ಆಕೆಯ ಕಸಿವಿಸಿಗೆ ಕಾರಣವಿತ್ತು. ಹೋಬಾರ್ಟ್ ಆಕೆಯ ತವರಾಗಿರಲೇ ಇಲ್ಲ. ಆಕೆ ಹುಟ್ಟಿದ್ದು ಮುಂಬೈಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ. ಅರ್ಧ ಶತಮಾನದ ಹತ್ತಿರ ಹೇಳಿಕೊಂಡು ಬಂದ ಒಂದು ಸುಳ್ಳು ಆ ದಿನ ಹೂಗುಚ್ಛ ಹಿಡಿದು ಆಕೆಯ ಎದುರು ನಿಂತಿತ್ತು.

ತಾರೆಯರು ವಯಸ್ಸು ಮುಚ್ಚಿಡುವುದು, ಹೆಸರು ಬದಲಿಸಿಕೊಳ್ಳುವುದು ಚಿತ್ರರಂಗದಲ್ಲಿ ಹೊಸತೇನಲ್ಲ. ಆದರೆ ಹೆತ್ತ ಊರನ್ನು, ಸಾಕಿದ ತಾಯಿಯನ್ನು, ತನ್ನ ಚರ್ಮವನ್ನೇ ಮರೆಮಾಡಿ ಬದುಕಿದ ಮರ್ಲ್ ಒಬೆರಾನ್‌ಳ ಕಥೆ ಬೇರೆಯೇ ಬಗೆಯದು. ಅದನ್ನು ಒಬ್ಬ ನಟಿಯ ಕೀಳರಿಮೆ ಎಂದು ತಳ್ಳಿಹಾಕುವುದು ಸುಲಭ. ಅಂದಿನ ಅಮೆರಿಕದ ಕಾನೂನುಗಳನ್ನೂ ಸ್ಟುಡಿಯೋಗಳ ಕಟ್ಟಳೆಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಆ ಸುಳ್ಳಿನ ಅರ್ಥ ಬದಲಾಗುತ್ತದೆ.

ಕಲ್ಕತ್ತೆಯ ಕ್ವೀನಿ

ಆಕೆ ಹುಟ್ಟಿದ್ದು 1911ರ ಫೆಬ್ರವರಿ 19ರಂದು. ಇಟ್ಟ ಹೆಸರು ಎಸ್ಟೆಲ್ ಮರ್ಲ್ ಥಾಂಪ್ಸನ್, ಮನೆಯಲ್ಲಿ ಕರೆಯುತ್ತಿದ್ದದ್ದು ಕ್ವೀನಿ ಎಂದು. ತಂದೆ ಬ್ರಿಟಿಷ್ ಇಂಜಿನಿಯರ್, ಭಾರತದ ರೈಲ್ವೆಯಲ್ಲಿ ಕೆಲಸಕ್ಕಿದ್ದವನು. ಮೊದಲ ಮಹಾಯುದ್ಧದ ಸಮಯದಲ್ಲಿ ಆತ ತೀರಿಕೊಂಡ. ಸಾಕಿದವಳು ಸಿಲೋನ್ ಮೂಲದ ಷಾರ್ಲೆಟ್ ಸೆಲ್ಬಿ. ಕ್ವೀನಿ ಕೊನೆಯವರೆಗೂ ಅಮ್ಮನೆಂದು ತಿಳಿದಿದ್ದದ್ದು ಈಕೆಯನ್ನೇ.

1917ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಬಂದರು. ಲಾ ಮಾರ್ಟಿನಿಯೇರ್ ಬಾಲಕಿಯರ ಶಾಲೆಯಲ್ಲಿ ಕ್ವೀನಿಗೆ ಸೀಟು ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಮಿಶ್ರ ಸಂತಾನವೆಂಬ ಹಂಗಿಸುವಿಕೆ ತಡೆಯಲಾರದೆ ಆಕೆ ಶಾಲೆ ಬಿಟ್ಟಳೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಆ ಕಾಲದ ಆಂಗ್ಲೋ-ಇಂಡಿಯನ್ನರದು ಎರಡು ದೋಣಿಯ ಮೇಲೆ ಕಾಲಿಟ್ಟ ಬಾಳು. ರೈಲ್ವೆ, ಅಂಚೆ, ಟೆಲಿಫೋನ್ ಕಚೇರಿಗಳ ಕೆಲಸ ಅವರಿಗೆ ತೆರೆದಿತ್ತು, ಬಿಳಿಯರ ಕ್ಲಬ್ಬುಗಳ ಬಾಗಿಲು ಮುಚ್ಚಿತ್ತು. ಕ್ವೀನಿಯೂ ಟೆಲಿಫೋನ್ ಆಪರೇಟರ್ ಆದಳು. ಬಿಡುವಿನಲ್ಲಿ ಹವ್ಯಾಸಿ ನಾಟಕ ತಂಡದಲ್ಲಿ ಅಭಿನಯ, ಸಂಜೆ ಹೊತ್ತು ಚೌರಂಗಿಯ ಫಿರ್ಪೋ ಹೋಟೆಲಿನ ನೃತ್ಯಕೂಟ.

ಅಲ್ಲಿ ಪರಿಚಯವಾದ ಪ್ರೇಮಿಯೊಬ್ಬ ಮನೆಗೆ ಬಂದು ಷಾರ್ಲೆಟ್‌ಳ ಮೈಬಣ್ಣ ನೋಡಿದ ಮೇಲೆ ದೂರವಾದನಂತೆ. ಹೋಗುವ ಮುನ್ನ ಫ್ರಾನ್ಸಿನಲ್ಲಿದ್ದ ಚಿತ್ರ ನಿರ್ದೇಶಕ ರೆಕ್ಸ್ ಇಂಗ್ರಾಮ್‌ನ ಪರಿಚಯ ಮಾಡಿಸುವುದಾಗಿ ಹೇಳಿದ್ದ. ಅಷ್ಟನ್ನೇ ನೆಚ್ಚಿಕೊಂಡು ಹದಿನೇಳು, ಹದಿನೆಂಟರ ಹುಡುಗಿ ತಾಯಿಯೊಂದಿಗೆ ಹಡಗು ಹತ್ತಿದಳು.

ಟಾಸ್ಮೇನಿಯ ಏಕೆ?

ಫ್ರಾನ್ಸಿನಲ್ಲಿ ಸಣ್ಣಪುಟ್ಟ ಪಾತ್ರ ಸಿಕ್ಕಿತು. ನಂತರ ಲಂಡನ್. ಅಲ್ಲಿ ಹಂಗರಿಯಿಂದ ಬಂದು ಬ್ರಿಟಿಷ್ ಚಿತ್ರೋದ್ಯಮಕ್ಕೆ ಹೊಸ ಜೀವ ತುಂಬುತ್ತಿದ್ದ ಅಲೆಕ್ಸಾಂಡರ್ ಕೊರ್ಡಾನ ಕಣ್ಣು ಈ ಹುಡುಗಿಯ ಮೇಲೆ ಬಿತ್ತು. 1933ರ ‘ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ಏಟ್ತ್’ ಚಿತ್ರದಲ್ಲಿ ಆಕೆ ರಾಣಿ ಆನ್ ಬೊಲಿನ್ ಆದಳು. ಪಾತ್ರ ತೆರೆಯ ಮೇಲಿದ್ದದ್ದು ಕೆಲವೇ ನಿಮಿಷ, ಆದರೆ ಜನ ಮರೆಯಲಿಲ್ಲ. ಮರುವರ್ಷ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ನಲ್ಲಿ ನಾಯಕಿ. ಅಷ್ಟರಲ್ಲಿ ಎಸ್ಟೆಲ್ ಥಾಂಪ್ಸನ್ ಹೋಗಿ ಮರ್ಲ್ ಒಬೆರಾನ್ ಬಂದಿದ್ದಳು. ಹೊಸ ಹೆಸರಿಗೆ ತಕ್ಕಂತೆ ಹೊಸ ಹುಟ್ಟೂರೂ ಬೇಕಾಗಿತ್ತು.

ಪ್ರಚಾರ ವಿಭಾಗದವರು ಹುಡುಕಿದ್ದು ಟಾಸ್ಮೇನಿಯವನ್ನು. ಅದು ಬ್ರಿಟಿಷ್ ಸಾಮ್ರಾಜ್ಯದ ಭಾಗ, ಬಿಳಿಯರದೆಂದು ಹೆಸರಾದ ನಾಡು. ಜೊತೆಗೆ ಲಂಡನ್ನಿನಿಂದಲೂ ಹಾಲಿವುಡ್ಡಿನಿಂದಲೂ ಅಷ್ಟು ದೂರ ಹೋಗಿ ವಿಚಾರಿಸುವ ಪತ್ರಕರ್ತ ಆ ದಿನಗಳಲ್ಲಿ ಸಿಗುವಂತಿರಲಿಲ್ಲ. ಹುಟ್ಟೂರು ಹೋಬಾರ್ಟ್ ಎಂದು ಪತ್ರಿಕೆಗಳು ಬರೆದವು, ಹೋಬಾರ್ಟಿನವರೂ ಅದನ್ನು ನಂಬಿದರು. ಆಕೆ ಹುಡುಗಿಯಾಗಿದ್ದಾಗ ನೋಡಿದ ನೆನಪಿದೆ ಎನ್ನುವವರೂ ಮುಂದೆ ಅಲ್ಲಿ ಹುಟ್ಟಿಕೊಂಡರು.

ಲಂಡನ್ನಿನ ಮನೆಯಲ್ಲಿ ಷಾರ್ಲೆಟ್ ಮಗಳ ಜೊತೆಗೇ ಇದ್ದಳು. ಆದರೆ ಬಂದವರಿಗೆ ಆಕೆ ಮನೆಗೆಲಸದವಳು ಎಂದು ಹೇಳಲಾಗುತ್ತಿತ್ತು. ಮಗಳ ಗೆಳೆಯರಿಗೆ ಚಹಾ ತಂದಿಟ್ಟು ಒಳಗೆ ಸರಿಯುವ ಹೆಂಗಸು ಯಾರೆಂದು ಕೆಲವರಿಗಷ್ಟೇ ಗೊತ್ತಿತ್ತು. 1937ರಲ್ಲಿ ಷಾರ್ಲೆಟ್ ತೀರಿಕೊಂಡಳು. ಹನ್ನೆರಡು ವರ್ಷಗಳ ನಂತರ ಮರ್ಲ್ ಹಳೆಯ ಛಾಯಾಚಿತ್ರವೊಂದನ್ನು ಕಲಾವಿದನಿಗೆ ಕೊಟ್ಟು ತಾಯಿಯ ವರ್ಣಚಿತ್ರ ಬರೆಸಿದಳಂತೆ. ಮೈಬಣ್ಣವನ್ನು ಬೆಳ್ಳಗೆ ಮಾಡಬೇಕೆಂದು ಸೂಚನೆ ಕೊಟ್ಟಿದ್ದಳೆಂದೂ, ಮುಂದೆ ಮನೆ ಬದಲಿಸಿದಲ್ಲೆಲ್ಲ ಆ ಚಿತ್ರ ಜೊತೆಗೇ ಹೋಯಿತೆಂದೂ ಜೀವನಚರಿತ್ರೆಕಾರರು ಹೇಳುತ್ತಾರೆ. ಬದುಕಿದ್ದಾಗ ತಾಯಿಯೆಂದು ಹೇಳಲಾಗದವಳಿಗೆ ಗೋಡೆಯ ಮೇಲೆ ಜಾಗ ಸಿಕ್ಕಿತು, ಅದೂ ಬಣ್ಣ ಬದಲಾದ ಮೇಲೆ.

ಕಾನೂನಿನ ಗೋಡೆ

ನಿಜ ಹೇಳಿದ್ದರೆ ಏನಾಗುತ್ತಿತ್ತು? ಅಮೆರಿಕದ 1917ರ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯದ ಬಹುಭಾಗದ ಜನರಿಗೆ ಬಾಗಿಲು ಹಾಕಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. ಅದೂ ಲೆಕ್ಕಕ್ಕೆ ಬರಲಿಲ್ಲ. ಈ ನಿರ್ಬಂಧ ಸಡಿಲವಾದದ್ದು 1946ರಲ್ಲಿ. ಆಗಲೂ ವರ್ಷಕ್ಕೆ ಬರೀ 100 ಭಾರತೀಯರಿಗೆ ವಲಸೆಯ ಅವಕಾಶ.

ಇನ್ನು ಚಿತ್ರರಂಗದ ಕಟ್ಟಳೆ. ‘ಹೇಸ್ ಕೋಡ್’ ಎಂದು ಹೆಸರಾದ ಸ್ಟುಡಿಯೋಗಳ ನೀತಿಸಂಹಿತೆ 1934ರಿಂದ ಬಿಗಿಯಾಗಿ ಜಾರಿಗೆ ಬಂತು. ಬಿಳಿಯರು ಮತ್ತು ಕರಿಯರ ನಡುವಿನ ಪ್ರೇಮ ಸಂಬಂಧವನ್ನು ತೆರೆಯ ಮೇಲೆ ತೋರಿಸಕೂಡದೆಂದು ಅದು ಹೇಳುತ್ತಿತ್ತು. ಆಚರಣೆಯಲ್ಲಿ ಈ ನಿಷೇಧದ ನೆರಳು ಏಷ್ಯದವರ ಮೇಲೂ ಬಿದ್ದಿತ್ತು. ಚೀನಾ ಮೂಲದ ನಟಿ ಆನಾ ಮೇ ವಾಂಗ್ ಆಗಲೇ ಹೆಸರು ಮಾಡಿದ್ದವಳು. ಆದರೆ ಚೀನೀ ರೈತ ಕುಟುಂಬದ ಕಥೆಯಾದ ‘ದಿ ಗುಡ್ ಅರ್ತ್’ ಚಿತ್ರದ ನಾಯಕನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋಯಿತು. ನಾಯಕಿಯ ಪಾತ್ರವೂ ಬಿಳಿಯ ನಟಿ ಲೂಯಿಸ್ ರೈನರ್ ಪಾಲಾಯಿತು, ಅದಕ್ಕೆ ಆಸ್ಕರ್ ಕೂಡ ಬಂತು. ಮೂಲವನ್ನು ಮುಚ್ಚಿಡದ ನಟಿಗೆ ಏನು ದಕ್ಕುತ್ತದೆ ಎಂಬುದಕ್ಕೆ ಮರ್ಲ್ ದೂರ ನೋಡಬೇಕಾಗಿರಲಿಲ್ಲ.

ಹಾಲಿವುಡ್ಡಿಗೆ ಬಂದ ಆಕೆಯನ್ನು ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಅಪ್ಪಟ ಇಂಗ್ಲಿಷ್ ಹೆಣ್ಣಾಗಿ ರೂಪಿಸಿದ. 1935ರ ‘ದಿ ಡಾರ್ಕ್ ಏಂಜೆಲ್’ ಚಿತ್ರದ ಅಭಿನಯಕ್ಕೆ ಅತ್ಯುತ್ತಮ ನಟಿ ಆಸ್ಕರ್ ನಾಮಕರಣ ಸಿಕ್ಕಿತು. 1936ರ ಸಮಾರಂಭದಲ್ಲಿ ಪ್ರಶಸ್ತಿ ಗೆದ್ದವಳು ಬೆಟ್ಟಿ ಡೇವಿಸ್. ಆದರೆ ಆ ವಿಭಾಗದಲ್ಲಿ ನಾಮಕರಣಗೊಂಡ ಏಷ್ಯ ಮೂಲದ ಮೊದಲ ನಟಿ ಮರ್ಲ್. ಅದು ಆ ರಾತ್ರಿ ಸಭೆಯಲ್ಲಿ ಯಾರೂ ಹೇಳುವಂತಿರಲಿಲ್ಲ, ಆಕೆಯಂತೂ ಹೇಳಿಕೊಳ್ಳುವಂತಿರಲೇ ಇಲ್ಲ.

ಆಕೆಯ ಅತ್ಯಂತ ಪ್ರಸಿದ್ಧ ಚಿತ್ರ 1939ರ ‘ವದರಿಂಗ್ ಹೈಟ್ಸ್’. ಎಮಿಲಿ ಬ್ರಾಂಟೆಯ ಕಾದಂಬರಿಯಲ್ಲಿ ನಾಯಕ ಹೀತ್‌ಕ್ಲಿಫ್ ಕಪ್ಪು ಮೈಬಣ್ಣದವನು, ಎಲ್ಲಿಂದ ಬಂದವನೆಂದು ಯಾರಿಗೂ ಗೊತ್ತಿಲ್ಲದ ಅನಾಥ. ಭಾರತದ ಕಡೆಯ ನಾವಿಕರ ಮಗುವಿರಬಹುದೆಂಬ ಊಹೆಯೂ ಕಥೆಯಲ್ಲೇ ಬರುತ್ತದೆ. ಚಿತ್ರದಲ್ಲಿ ಆ ಪಾತ್ರ ಮಾಡಿದವನು ಇಂಗ್ಲೆಂಡಿನ ಲಾರೆನ್ಸ್ ಒಲಿವಿಯರ್. ಆತನ ಎದುರು ಬಿಳಿಯ ಕ್ಯಾಥಿಯಾಗಿ ನಿಂತವಳು ಕಲ್ಕತ್ತೆಯ ಕ್ವೀನಿ. ಈ ವಿಪರ್ಯಾಸ ಪ್ರೇಕ್ಷಕರಿಗೆ ತಿಳಿಯಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಮೈಸೂರಿನ ಸಾಬು, ಮುಂಬೈಯ ಮರ್ಲ್

ಇಲ್ಲಿ ಕನ್ನಡನಾಡಿನ ಒಂದು ಎಳೆಯೂ ಕೂಡಿಕೊಳ್ಳುತ್ತದೆ. ಮರ್ಲ್‌ಳ ಭಾರತೀಯತೆ ಮುಚ್ಚಿಟ್ಟು ತಾರೆ ಮಾಡಿದ ಅದೇ ಕೊರ್ಡಾನ ಸಂಸ್ಥೆ, ಅದೇ ವರ್ಷಗಳಲ್ಲಿ ಇನ್ನೊಬ್ಬನ ಭಾರತೀಯತೆಯನ್ನೇ ಬಂಡವಾಳ ಮಾಡಿಕೊಂಡು ತಾರೆಯಾಗಿಸಿತು. ಆತ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. ಕೊರ್ಡಾನ ತಂಡ ‘ಎಲಿಫೆಂಟ್ ಬಾಯ್’ ಚಿತ್ರೀಕರಣಕ್ಕೆ ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ ಬಾಲಕ. 1937ರಲ್ಲಿ ಚಿತ್ರ ಬಿಡುಗಡೆಯಾದಾಗ ಜಗತ್ತೇ ಆತನನ್ನು ಮೆಚ್ಚಿಕೊಂಡಿತು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಆತನನ್ನು ಇನ್ನೂ ದೊಡ್ಡವನನ್ನಾಗಿ ಮಾಡಿತು.

ಸಾಬುವಿಗೆ ತನ್ನ ಊರನ್ನು ಮುಚ್ಚಿಡುವ ಅಗತ್ಯ ಬರಲಿಲ್ಲ. ಆದರೆ ಆತನಿಗೆ ಸಿಕ್ಕ ಪಾತ್ರಗಳೆಲ್ಲ ಆನೆ, ಕಾಡು, ಅರಮನೆ, ಮಾಯಾಲೋಕದವು. ಯುದ್ಧಕಾಲದಲ್ಲಿ, 1944ರಲ್ಲಿ, ಅಮೆರಿಕದ ಪೌರತ್ವ ಪಡೆದು ಅಲ್ಲಿನ ವಾಯುಪಡೆಯಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ದುಡಿದು ಪದಕ ಗಳಿಸಿದ. ಮರಳಿ ಬಂದಾಗಲೂ ಚಿತ್ರರಂಗ ಆತನಲ್ಲಿ ಆನೆಯ ಮೇಲಿನ ಹುಡುಗನನ್ನೇ ಹುಡುಕಿತು. 1963ರಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡ.

ಒಬ್ಬನಿಗೆ ಬಣ್ಣ ತೋರಿಸಿದ್ದರಿಂದ ಅನ್ನ, ಇನ್ನೊಬ್ಬಳಿಗೆ ಬಣ್ಣ ಮುಚ್ಚಿದ್ದರಿಂದ ಅನ್ನ. ಪ್ರೇಮಕಥೆಯ ನಾಯಕಿಯಾಗಲು ಹೊರಟವಳಿಗೆ ಮಾವುತನ ಮಗನ ದಾರಿ ತೆರೆದಿರಲಿಲ್ಲ. ಮಾವುತನ ಮಗನಿಗೆ ಪ್ರೇಮಕಥೆಯ ನಾಯಕನ ದಾರಿಯೂ ತೆರೆದಿರಲಿಲ್ಲ.

ಮುಖದ ಮೇಲಿನ ಬೆಳಕು

ಕಪ್ಪುಬಿಳುಪು ಚಿತ್ರಗಳ ಕಾಲ ಮರ್ಲ್‌ಗೆ ಅನುಕೂಲವಾಗಿತ್ತು. ಆ ಫಿಲ್ಮಿನಲ್ಲಿ ಮೈಬಣ್ಣ ಕಾಣುವುದಿಲ್ಲ, ಬೂದು ಬಣ್ಣದ ಹೆಚ್ಚುಕಡಿಮೆಯಷ್ಟೇ ಕಾಣುತ್ತದೆ. ಮೇಕಪ್ಪು, ದೀಪಗಳಿಂದ ಅದನ್ನು ಬೇಕಾದಷ್ಟು ತಿಳಿಯಾಗಿಸಬಹುದು. ಆದರೆ ಆ ಮುಖಕ್ಕೆ ಕಂಟಕಗಳೂ ತಪ್ಪಲಿಲ್ಲ. 1937ರಲ್ಲಿ ಲಂಡನ್ನಿನಲ್ಲಿ ಕಾರು ಅಪಘಾತವಾಗಿ ಮುಖಕ್ಕೆ ಗಾಯವಾಯಿತು. ಆಕೆ ನಟಿಸುತ್ತಿದ್ದ ‘ಐ, ಕ್ಲಾಡಿಯಸ್’ ಚಿತ್ರವೇ ನಿಂತುಹೋಯಿತು. 1940ರಲ್ಲಿ ಸೌಂದರ್ಯವರ್ಧಕಗಳು ಮತ್ತು ಸಲ್ಫಾ ಔಷಧಿಯ ದುಷ್ಪರಿಣಾಮದಿಂದ ಚರ್ಮ ಕೆಟ್ಟಿತು. ಚರ್ಮದ ಮೇಲ್ಪದರ ಉಜ್ಜಿ ತೆಗೆಯುವ ಚಿಕಿತ್ಸೆಗಳಾದರೂ ಕಲೆಗಳು ಉಳಿದವು.

1944ರ ‘ದಿ ಲಾಡ್ಜರ್’ ಚಿತ್ರದ ಛಾಯಾಗ್ರಾಹಕ ಲೂಸಿಯನ್ ಬಲ್ಲಾರ್ಡ್ ಇದಕ್ಕೊಂದು ಉಪಾಯ ಕಂಡುಹಿಡಿದ. ಮುಖದ ಉಬ್ಬುತಗ್ಗು ಕಾಣುವುದು ನೆರಳಿನಿಂದ. ದೀಪ ಪಕ್ಕದಲ್ಲಿದ್ದರೆ ಪ್ರತಿ ಗುಳಿಗೂ ಒಂದು ನೆರಳು ಬೀಳುತ್ತದೆ. ದೀಪವನ್ನು ಕ್ಯಾಮೆರಾದ ಲೆನ್ಸಿಗೆ ಅಂಟಿಕೊಂಡಂತೆ ಇಟ್ಟರೆ ಬೆಳಕು ನೇರವಾಗಿ ಬೀಳುತ್ತದೆ, ನೆರಳು ಕ್ಯಾಮೆರಾದ ಕಣ್ಣಿಗೆ ಕಾಣದೆ ಹಿಂದೆ ಸರಿಯುತ್ತದೆ. ಕಲೆಗಳು ಮಾಯವಾಗಿ ಮುಖ ಬೆಳಗುತ್ತದೆ. ಆ ದೀಪಕ್ಕೆ ಒಬೆರಾನ್ ಹೆಸರಿನಿಂದಲೇ ‘ಓಬಿ’ ಎಂಬ ಹೆಸರು ಬಂತು. ಚಿತ್ರೀಕರಣದ ತಂಡಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿರುವ ಮಾತು. 1939ರಲ್ಲಿ ಕೊರ್ಡಾನನ್ನು ಮದುವೆಯಾಗಿ, ಆತನಿಗೆ ‘ಸರ್’ ಪದವಿ ಬಂದಾಗ ಲೇಡಿ ಕೊರ್ಡಾ ಎನಿಸಿಕೊಂಡಿದ್ದ ಮರ್ಲ್, 1945ರಲ್ಲಿ ವಿಚ್ಛೇದನ ಪಡೆದು ಬಲ್ಲಾರ್ಡ್‌ನನ್ನು ವರಿಸಿದಳು. ಅದೂ ನಾಲ್ಕೇ ವರ್ಷ ಉಳಿಯಿತು. ಆನಂತರ ಇನ್ನೆರಡು ಮದುವೆಗಳಾದವು, ಚಿತ್ರಗಳು ಕಡಿಮೆಯಾದವು. ಕೊನೆಯ ಚಿತ್ರ 1973ರ ‘ಇಂಟರ್ವಲ್’. ಹೋಬಾರ್ಟಿನ ಸನ್ಮಾನದ ಮರುವರ್ಷ, 1979ರ ನವೆಂಬರ್ 23ರಂದು, ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ ಆಕೆ ಪಾರ್ಶ್ವವಾಯುವಿನಿಂದ ತೀರಿಕೊಂಡಳು. ಆಗಲೂ ಹುಟ್ಟೂರು ಟಾಸ್ಮೇನಿಯವೇ.

ದಾಖಲೆ ಬಾಯಿ ಬಿಟ್ಟಾಗ

ಸತ್ಯ ಎರಡು ಹಂತಗಳಲ್ಲಿ ಹೊರಬಂತು. 1983ರಲ್ಲಿ ಚಾರ್ಲ್ಸ್ ಹೈಯಮ್ ಮತ್ತು ರಾಯ್ ಮೋಸ್ಲಿ ಬರೆದ ಜೀವನಚರಿತ್ರೆ ಆಕೆಯ ಭಾರತದ ಹುಟ್ಟನ್ನು ಬಯಲುಮಾಡಿತು. 1985ರಲ್ಲಿ ಕೊರ್ಡಾನ ತಮ್ಮನ ಮಗ ಮೈಕೆಲ್ ಕೊರ್ಡಾ ಆಕೆಯ ಬದುಕನ್ನೇ ಹೋಲುವ ‘ಕ್ವೀನಿ’ ಕಾದಂಬರಿ ಬರೆದ. ಎರಡನೆಯ ಸತ್ಯ ಇನ್ನೂ ಕಹಿಯಾದದ್ದು. ಸಂಬಂಧಿಯೊಬ್ಬರು ಪತ್ತೆ ಮಾಡಿದ ಮುಂಬೈಯ ಜನನ ದಾಖಲೆಯಲ್ಲಿ ತಾಯಿಯ ಹೆಸರು ಷಾರ್ಲೆಟ್ ಎಂದಿರಲಿಲ್ಲ, ಆಕೆಯ ಮಗಳು ಕಾನ್‌ಸ್ಟೆನ್ಸ್ ಎಂದಿತ್ತು. ಇನ್ನೂ ಬಾಲಕಿಯಾಗಿದ್ದ ಮಗಳ ಕೂಸನ್ನು ಷಾರ್ಲೆಟ್ ತನ್ನದೆಂದೇ ಬೆಳೆಸಿದ್ದಳು. ಮರ್ಲ್‌ಗೆ ಅಕ್ಕನೆಂದು ಗೊತ್ತಿದ್ದವಳೇ ಹೆತ್ತ ತಾಯಿ. 2002ರಲ್ಲಿ ಆಸ್ಟ್ರೇಲಿಯದ ಮಾರೇ ಡೆಲೋಫ್ಸ್ಕಿಯವರ ಸಾಕ್ಷ್ಯಚಿತ್ರದ ಮೂಲಕ ಇದು ಲೋಕಕ್ಕೆ ತಿಳಿಯಿತು. ಊರಿಗೆಲ್ಲ ಸುಳ್ಳು ಹೇಳಿದ ಮರ್ಲ್‌ಗೆ ಮನೆಯವರು ಅದಕ್ಕೂ ಮೊದಲೇ ಒಂದು ಸುಳ್ಳು ಹೇಳಿದ್ದರು.

2023ರಲ್ಲಿ ಮಲೇಷ್ಯದ ಮಿಶೆಲ್ ಯೋ ಅತ್ಯುತ್ತಮ ನಟಿ ಆಸ್ಕರ್ ಪಡೆದಾಗ ಮರ್ಲ್‌ಳ ಹೆಸರು ಮತ್ತೆ ಕೇಳಿಬಂತು. ತನ್ನನ್ನು ಏಷ್ಯದವಳೆಂದು ಹೇಳಿಕೊಂಡು ಆ ಪ್ರಶಸ್ತಿ ಗೆದ್ದ ಮೊದಲ ನಟಿ ಮಿಶೆಲ್ ಎಂದು ಪತ್ರಿಕೆಗಳು ಎಚ್ಚರಿಕೆಯಿಂದ ಬರೆದವು. ‘ಹೇಳಿಕೊಂಡು’ ಎಂಬ ಆ ಒಂದು ಮಾತಿನಲ್ಲಿ ಮರ್ಲ್ ಒಬೆರಾನ್‌ಳ ಇಡೀ ಬಾಳಿದೆ. 1936ಕ್ಕೂ 2023ಕ್ಕೂ ನಡುವೆ 87 ವರ್ಷ. ಅಷ್ಟರಲ್ಲಿ ಬದಲಾದದ್ದು ನಟಿಯರ ಪ್ರತಿಭೆಯಲ್ಲ. ಹುಟ್ಟಿದ ಊರಿನ ಹೆಸರು ಹೇಳಿಯೂ ನಾಯಕಿಯಾಗಿ ಉಳಿಯಬಹುದೆಂಬ ಧೈರ್ಯ ಬಂದಿದೆ. ಆ ಧೈರ್ಯಕ್ಕೆ ಅವಕಾಶವೇ ಇಲ್ಲದ ಕಾಲದಲ್ಲಿ ಬದುಕಿದವಳನ್ನು ಸುಳ್ಳುಗಾತಿ ಎಂದು ಕರೆಯುವ ಮುನ್ನ, ಆ ಸುಳ್ಳನ್ನು ಹೇಳಿಸಿದವರು ಯಾರೆಂದು ಒಮ್ಮೆ ಕೇಳಿಕೊಳ್ಳುವುದು ನ್ಯಾಯ.