ಸಿಂಗಾಪುರ ಬಿತ್ತು ಎಂದು ಹಾಡಿದ ಕವಿ

ಜುರಾಂಗ್ ಐಲ್ಯಾಂಡಿನ ಕ್ಯಾಂಟೀನಿನಲ್ಲಿ ಕವಿತೆಯ ಮಾತು ಬರುವುದು ಅಪರೂಪ. ಶಟ್‌ಡೌನ್ ಯಾವಾಗ, ಓವರ್‌ಟೈಮ್ ಎಷ್ಟು, ದೀಪಾವಳಿಗೆ ಬೆಂಗಳೂರು ಟಿಕೆಟ್ ಎಷ್ಟಾಯ್ತು... ನಮ್ಮ ಮಾತೆಲ್ಲ ಇಷ್ಟರಲ್ಲೇ ಮುಗಿಯುತ್ತೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಫೆಬ್ರವರಿಯಲ್ಲಿ ಹಾಗಾಗಲಿಲ್ಲ.

ಫೆಬ್ರವರಿ 15 ಇಲ್ಲಿ ಟೋಟಲ್ ಡಿಫೆನ್ಸ್ ಡೇ. 1942ರಲ್ಲಿ ಅದೇ ದಿನ ಬ್ರಿಟಿಷರು ಜಪಾನೀಯರಿಗೆ ಶರಣಾದರು. ಮಗಳು ಶಾಲೆಯಿಂದ ಬಂದು, "ಅಪ್ಪಾ, ಸಿಂಗಾಪುರ ಬಿದ್ದಾಗ ನಮ್ಮವರು ಯಾರ ಕಡೆ ಇದ್ರು?" ಅಂತ ಕೇಳಿದ್ದಳು. ನೇತಾಜಿ, ಆಜಾದ್ ಹಿಂದ್ ಫೌಜ್ ಅಂತೆಲ್ಲ ಏನೋ ಹೇಳಿ ಜಾರಿಕೊಂಡಿದ್ದೆ. ಮರುದಿನ ಊಟದ ಹೊತ್ತಿನಲ್ಲಿ ಇದನ್ನೇ ಹೇಳಿಕೊಂಡಾಗ, ಎದುರಿಗೆ ಕೂತಿದ್ದ ಜಪಾನೀ ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮ ಕಡೆ ಒಬ್ಬ ಕವಿ ಇದ್ದ. ಶಾಲೆಯಲ್ಲಿ ಅವನ ಪದ್ಯ ಬಾಯಿಪಾಠ ಮಾಡಿದ್ದೇವೆ. ಸಿಂಗಾಪುರ ಬಿತ್ತು ಅಂತ ಸಂತೋಷಪಟ್ಟು ಬರೆದವನೂ ಅವನೇ. ಅದನ್ನು ಮಾತ್ರ ಶಾಲೆಯಲ್ಲಿ ಹೇಳಿಕೊಡಲಿಲ್ಲ. ಅವನ ಗುಡಿಸಲು ಈಗ ಮ್ಯೂಸಿಯಂ ಆಗಿದೆ. ಜಪಾನಿಗೆ ಹೋದರೆ ನೋಡು."

ಕವಿಯ ಹೆಸರು ಟಕಾಮುರಾ ಕೋಟಾರೊ. ಅಲ್ಲಿವರೆಗೆ ನಾನು ಕೇಳಿದ ಹೆಸರೇ ಅಲ್ಲ.

ಈ ಮಾತು ನಡೆದ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಜುರಾಂಗ್ ಐಲ್ಯಾಂಡ್ ಅನ್ನೋದು ಹುಟ್ಟಾ ದ್ವೀಪವಲ್ಲ. ಏಳು ಸಣ್ಣ ದ್ವೀಪಗಳ ನಡುವಿನ ಸಮುದ್ರಕ್ಕೆ ಮಣ್ಣು ತುಂಬಿ ಒಂದು ಮಾಡಿದ್ದು. 2000ದ ಅಕ್ಟೋಬರಿನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಪಾಸ್ ಇಲ್ಲದೆ ಯಾರನ್ನೂ ಒಳಗೆ ಬಿಡೋದಿಲ್ಲ. ಆ ಏಳರಲ್ಲಿ ಒಂದಾದ ಪುಲಾವ್ ಆಯರ್ ಮೆರ್‌ಬಾವ್ ಮೇಲೆ 1984ರಲ್ಲಿ ಸಿಂಗಾಪುರದ ಮೊದಲ ಪೆಟ್ರೋಕೆಮಿಕಲ್ ಸಂಕೀರ್ಣ ಶುರುವಾಯಿತು. ಅದರಲ್ಲಿ ಸಿಂಗಾಪುರ ಸರ್ಕಾರದ ಜೊತೆ ಸೇರಿದ್ದು ಸುಮಿಟೊಮೊ ಕೆಮಿಕಲ್ ಮುಂದಾಳತ್ವದ ಜಪಾನೀ ಕಂಪನಿಗಳ ಗುಂಪು.

ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋದರೆ ಚಿತ್ರ ಬೇರೆ. 1962ರಲ್ಲಿ ಸಿಗ್ಲಾಪ್ ಕಡೆ ನೆಲ ಅಗೆದಾಗ ಮನುಷ್ಯರ ಮೂಳೆಗಳು ಸಿಕ್ಕವು, ರಾಶಿ ರಾಶಿ. 1942ರಲ್ಲಿ ಸಿಂಗಾಪುರ ಕೈಗೆ ಬಂದ ಮೂರೇ ದಿನಕ್ಕೆ ಜಪಾನೀ ಸೇನೆ ಊರಿನ ಚೀನೀ ಗಂಡಸರನ್ನು ಸಾಲಾಗಿ ನಿಲ್ಲಿಸಿ, ಆರಿಸಿ, ಲಾರಿಯಲ್ಲಿ ತುಂಬಿಕೊಂಡು ಹೋಗಿ ಕೊಂದಿತು. ಇಲ್ಲಿನವರು ಅದನ್ನು ಸೂಕ್ ಚಿಂಗ್ ಅನ್ನುತ್ತಾರೆ. ಸತ್ತವರು ಜಪಾನೀಯರ ಲೆಕ್ಕದಲ್ಲಿ 5,000ದಷ್ಟು, ಇಲ್ಲಿನವರ ಅಂದಾಜಿನಲ್ಲಿ 25,000ದಿಂದ 50,000. ಮೂಳೆ ಸಿಕ್ಕ ಮೇಲೆ ಜನ 'ರಕ್ತದ ಸಾಲ' ತೀರಿಸಿ ಎಂದು ಬೀದಿಗಿಳಿದರು. 1966ರಲ್ಲಿ ಜಪಾನ್ 5 ಕೋಟಿ ಡಾಲರ್ ಕೊಡಲು ಒಪ್ಪಿತು, ಅರ್ಧ ದಾನ, ಇನ್ನರ್ಧ ಸಾಲ! ಮುಂದಿನ ವರ್ಷ ಬೀಚ್ ರೋಡಿನ ನಾಲ್ಕು ಕಂಬಗಳ ಸ್ಮಾರಕ ನಿಂತಿತು. ಆಮೇಲೆ ಬಂದದ್ದು ಕಾರ್ಖಾನೆಗಳು. ನನ್ನ ಅನ್ನವೂ ಅದರಿಂದಲೇ ಬಂದಿದೆ, ಹಾಗಾಗಿ ದೂರ ನಿಂತು ತೀರ್ಪು ಕೊಡುವ ಹಕ್ಕು ನನಗಿಲ್ಲ.

ಇರಲಿ, ಕವಿಯ ಕಥೆಗೆ ಬರೋಣ.

ಕೋಟಾರೊ ಹುಟ್ಟಿದ್ದು 1883ರಲ್ಲಿ, ಟೋಕಿಯೊದಲ್ಲಿ. ಅಪ್ಪ ಟಕಾಮುರಾ ಕೋಉನ್ ಹೆಸರಾಂತ ಶಿಲ್ಪಿ. ಟೋಕಿಯೊದ ಉಎನೊ ಪಾರ್ಕಿಗೆ ಹೋದವರೆಲ್ಲ ಫೋಟೋ ತೆಗೆಸಿಕೊಳ್ಳುವ, ನಾಯಿ ಹಿಡಿದು ನಿಂತ ಸೈಗೊ ಟಕಾಮೊರಿಯ ಪ್ರತಿಮೆ ಅವನದೇ. ಮಗನೂ ಶಿಲ್ಪಿಯೇ ಆದ. ನ್ಯೂಯಾರ್ಕ್, ಲಂಡನ್, ಪ್ಯಾರಿಸ್ ಸುತ್ತಿ, ರೊಡಾನ್‌ನ ಶಿಲ್ಪಗಳಿಗೆ ಮರುಳಾಗಿ ಬಂದ. ಮನೆಗೆ ಮರಳಿದ ಮೇಲೆ ಅಪ್ಪನ ಹಾದಿ ಹಿಡಿಸಲಿಲ್ಲ. 1914ರಲ್ಲಿ ಮೊದಲ ಕವನ ಸಂಕಲನ ಬಂತು, ಅದೇ ವರ್ಷ ಚಿಯೆಕೊ ಎಂಬ ಚಿತ್ರಕಾರ್ತಿಯನ್ನು ಕೈಹಿಡಿದ. ಚಿಯೆಕೊಗೆ ಮುಂದೆ ಮಾನಸಿಕ ಕಾಯಿಲೆ ಬಂತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಆಕೆ ಬಣ್ಣದ ಕಾಗದ ಕತ್ತರಿಸಿ ಹಣ್ಣು, ಹೂವು, ಮೀನು ಅಂತ ಸಾವಿರಕ್ಕೂ ಹೆಚ್ಚು ಚಿತ್ರ ಮಾಡಿದಳು. 1938ರಲ್ಲಿ ತೀರಿಕೊಂಡಳು. ಅವಳ ಮೇಲೆ ಬರೆದ ಪದ್ಯಗಳ ಸಂಕಲನ 'ಚಿಯೆಕೊ-ಶೊ' 1941ರಲ್ಲಿ ಬಂತು. ಜಪಾನಿನಲ್ಲಿ ಪ್ರೇಮಕವಿತೆ ಅಂದರೆ ಇವತ್ತಿಗೂ ಮೊದಲು ನೆನಪಾಗುವ ಪುಸ್ತಕಗಳಲ್ಲಿ ಅದೂ ಒಂದು.

ನಾನು ಜಪಾನಿಗೆ ಹೋದಾಗ ಮೊದಲು ಇಳಿದದ್ದು ಫುಕುಶಿಮಾ ಜಿಲ್ಲೆಯ ನಿಹೊನ್‌ಮತ್ಸುವಿನಲ್ಲಿ. ಅಲ್ಲಿ ಚಿಯೆಕೊ ಹುಟ್ಟಿ ಬೆಳೆದ ಮನೆ ಇದೆ. ಸಾಕೆ ಮದ್ಯ ತಯಾರಿಸುತ್ತಿದ್ದವರ ದೊಡ್ಡ ಮನೆ. ಅದರ ಹಿಂದೆ 1992ರಲ್ಲಿ ತೆರೆದ ಸ್ಮಾರಕ ಭವನ. ಆ ಕಾಗದದ ಚಿತ್ರಗಳ ಮುಂದೆ ನಿಂತರೆ ಯಾರ ಮನಸ್ಸೂ ಕರಗಬೇಕು. ಗಂಡನೊಬ್ಬನಿಗೆ ತೋರಿಸಲೆಂದೇ ಆಕೆ ಅವನ್ನು ಮಾಡುತ್ತಿದ್ದಳಂತೆ. ಅಲ್ಲಿಂದ ಹೊರಬಂದಾಗ ನನಗೆ ಕೋಟಾರೊ ಬರೀ ಒಳ್ಳೆಯ ಗಂಡ, ನೊಂದ ಕವಿ. ಅಷ್ಟೇ ನೋಡಿ ವಾಪಸ್ ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೆ ಅದೇ ಕವಿ ಯುದ್ಧದ ಕಾಲದಲ್ಲಿ ದೇಶದ ದೊಡ್ಡ ದನಿಗಳಲ್ಲಿ ಒಂದಾಗಿದ್ದ. 1942ರಲ್ಲಿ ಹುಟ್ಟಿದ ದೇಶಭಕ್ತ ಸಾಹಿತಿಗಳ ಸಂಘದಲ್ಲಿ ಕಾವ್ಯ ವಿಭಾಗದ ಮುಖ್ಯಸ್ಥ. ಸಿಂಗಾಪುರದ ಪತನದ ಮೇಲೆ ಅದೇ ಹೆಸರಿನ ಪದ್ಯ ಬರೆದ. ಆ ಏಪ್ರಿಲಿನಲ್ಲೇ ಯುದ್ಧಪದ್ಯಗಳ ಸಂಕಲನವೂ ಹೊರಬಂತು. ಸಹೋದ್ಯೋಗಿ ಆ ಪದ್ಯದ ಸಾರಾಂಶ ಹೇಳಿದ್ದ: ಬ್ರಿಟಿಷರ ಸೊಕ್ಕು ಮುರಿಯಿತು ಅನ್ನುವ ಹಿಗ್ಗು. ಕೇಳಿದಾಗ ನಾನು ತಲೆದೂಗಿಬಿಟ್ಟಿದ್ದೆ! ನಮ್ಮ ಅಜ್ಜಂದಿರು ಕೇಳಿದ್ದರೂ ತಲೆದೂಗುತ್ತಿದ್ದರೇನೋ. ಬ್ರಿಟಿಷರು ಸೋತರು ಅಂದರೆ ಯಾವ ಭಾರತೀಯನಿಗೆ ಬೇಜಾರು? ಆದರೆ ಅಲ್ಲಿ ಬಿದ್ದದ್ದು ಬ್ರಿಟಿಷರ ಬಾವುಟ ಒಂದೇ ಅಲ್ಲವಲ್ಲ. ಪಕ್ಕದ ಮೇಜಿನಲ್ಲಿ ಕೂತು ಉಣ್ಣುವ ಚೀನೀ ಫೋರ್‌ಮನ್‌ನ ಅಜ್ಜ, ಲಾರಿ ಹತ್ತಿದವನು ವಾಪಸ್ ಬರಲೇ ಇಲ್ಲ.

ಎಚ್ಚರಿಕೆ ಹೇಳಿದವರು ಇರಲಿಲ್ಲ ಅಂತಲ್ಲ. 1938ರಲ್ಲಿ ಇನ್ನೊಬ್ಬ ಜಪಾನೀ ಕವಿ ಯೋನೆ ನೊಗುಚಿ, ಚೀನಾ ಮೇಲಿನ ಯುದ್ಧವನ್ನು ಸಮರ್ಥಿಸಿ ರವೀಂದ್ರನಾಥ ಟಾಗೋರರಿಗೆ ಪತ್ರ ಬರೆದ. ಹಳೆಯ ಸ್ನೇಹಿತ. ಟಾಗೋರರು ಒಪ್ಪಲಿಲ್ಲ. ನಿಮ್ಮ ಜನಕ್ಕೆ ಗೆಲುವನ್ನಲ್ಲ, ಪಶ್ಚಾತ್ತಾಪವನ್ನು ಹಾರೈಸುತ್ತೇನೆ ಎಂಬರ್ಥದ ಉತ್ತರ ಕೊಟ್ಟರು.

ಆ ಪಶ್ಚಾತ್ತಾಪ ಹೇಗಿರುತ್ತೆ ಅಂತ ನೋಡಲು ಹನಮಾಕಿಗೆ ಹೋಗಬೇಕು.

ಇವಾತೆ ಜಿಲ್ಲೆಯ ಈ ಊರು ಕವಿ ಮಿಯಾಝವಾ ಕೆಂಜಿಯದು. ಕೆಂಜಿಯ ಹೆಸರಲ್ಲಿ ಇಲ್ಲಿ 1982ರಿಂದ ದೊಡ್ಡ ಮ್ಯೂಸಿಯಂ ಇದೆ, ಬರುವವರೆಲ್ಲ ಅಲ್ಲಿಗೇ ಹೋಗುತ್ತಾರೆ. ಕೋಟಾರೊ ಈ ಊರಿಗೆ ಬಂದದ್ದು ಓಡಿ. 1945ರ ಏಪ್ರಿಲಿನಲ್ಲಿ ಟೋಕಿಯೊದ ಮೇಲೆ ಬಿದ್ದ ಬಾಂಬಿಗೆ ಅವನ ಮನೆ, ಕೆತ್ತನೆಯ ಕೋಣೆ ಸುಟ್ಟುಹೋದವು. ಚಿಯೆಕೊಳ ಕಾಗದದ ಚಿತ್ರಗಳನ್ನು ಮೊದಲೇ ಬೇರೆ ಊರುಗಳಿಗೆ ಸಾಗಿಸಿದ್ದರಿಂದ ಉಳಿದವು. ಕೆಂಜಿ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಅವನ ಮನೆಯವರು ಕೋಟಾರೊಗೆ ಆಸರೆ ಕೊಟ್ಟರು. ಆಗಸ್ಟ್ 10ರಂದು ಹನಮಾಕಿ ಮೇಲೂ ಬಾಂಬ್ ಬಿತ್ತು, ಆ ಮನೆಯೂ ಹೋಯಿತು. ಐದು ದಿನಕ್ಕೆ ಯುದ್ಧ ಮುಗಿಯಿತು.

ಆಗ ಅವನಿಗೆ 62 ವರ್ಷ. ಆ ಶರತ್ಕಾಲದಲ್ಲಿ ಊರಾಚೆಯ ಓಟಾ ಎಂಬ ಹಳ್ಳಿಯ ಅಂಚಿಗೆ ಹೋಗಿ, ಎಲ್ಲೋ ಇದ್ದ ಗಣಿ ಕೆಲಸಗಾರರ ಒಂದು ಶೆಡ್ಡನ್ನು ಹಳ್ಳಿಯವರ ನೆರವಿನಿಂದ ತಂದು ನಿಲ್ಲಿಸಿಕೊಂಡು ಒಬ್ಬನೇ ಇದ್ದ, ಏಳು ಚಳಿಗಾಲ. ಹಿಮ ಸಂದಿಯಲ್ಲಿ ನುಗ್ಗಿ ಹಾಸಿಗೆ ಮೇಲೆ ಬೀಳುತ್ತಿತ್ತಂತೆ. ಶಿಲ್ಪಿಯಾದವನು ಈ ಏಳು ವರ್ಷ ಶಿಲ್ಪವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ ಅದು.

ಆ ಗುಡಿಸಲು ಈಗಲೂ ಇದೆ. ನೋಡಿದರೆ ಮೊದಲು ಕಾಣುವುದು ಗುಡಿಸಲಲ್ಲ, ಅದನ್ನು ಕಾಪಾಡಲು ಸುತ್ತ ಕಟ್ಟಿದ ಹೊದಿಕೆ ಮನೆ. ಅದರೊಳಗೆ ಹಳ್ಳಿಯವರು ಮೊದಲು ಕಟ್ಟಿದ ಇನ್ನೊಂದು ಹೊದಿಕೆ. ಅದರೊಳಗೆ ಗುಡಿಸಲು, ನಮ್ಮ ತೆಂಗಿನಕಾಯಿ ಹಾಗೆ! ಮಧ್ಯೆ ನೆಲಒಲೆ, ಒಂದಿಷ್ಟು ಚಾಪೆ ಜಾಗ. ಕಕ್ಕಸಿನ ಬಾಗಿಲಲ್ಲಿ ಬೆಳಕು ಬರಲೆಂದು ಅವನು ಒಂದು ಅಕ್ಷರ ಕೊರೆದಿದ್ದಾನೆ. ಅವನ ಹೆಸರಿನ ಮೊದಲ ಅಕ್ಷರ, ಅರ್ಥ 'ಬೆಳಕು'. ಆ ಏಳು ವರ್ಷದಲ್ಲಿ ಇಲ್ಲಿ ಕೆತ್ತಿದ್ದು ಅಂತ ನನ್ನ ಕಣ್ಣಿಗೆ ಕಂಡದ್ದು ಇದೊಂದೇ. ಹತ್ತಿರದಲ್ಲೇ ಸ್ಮಾರಕ ಭವನವಿದೆ.

ಆ ಗುಡಿಸಲಲ್ಲಿ ಕೂತು ಬರೆದ ಇಪ್ಪತ್ತು ಪದ್ಯಗಳ ಸರಣಿ 1947ರಲ್ಲಿ ಪ್ರಕಟವಾಯಿತು. ತನ್ನನ್ನು ತಾನೇ ದಡ್ಡ ಎಂದು ಕರೆದುಕೊಂಡ ಆತ್ಮಕಥೆ. ಚಿಕ್ಕಂದಿನಿಂದ ಚಕ್ರವರ್ತಿಯ ಮುಂದೆ ತಲೆಬಾಗುವುದನ್ನು ಕಲಿತದ್ದು, ಯುದ್ಧ ಬಂದಾಗ ಯೋಚನೆ ಬಿಟ್ಟದ್ದು ಎಲ್ಲ ಅದರಲ್ಲಿದೆ. 1950ರ ಸಂಕಲನಕ್ಕೂ ಅದು ಸೇರಿತು. ತನ್ನ ಪದ್ಯ ಓದಿಕೊಂಡು ಜನ ಸಾಯಲು ಹೋದರು ಎಂದು ಬರೆದ ಒಂದು ಕರಡನ್ನು ಮಾತ್ರ ಅವನು ಆ ಸರಣಿಯಿಂದ ಹೊರಗಿಟ್ಟ. ತನ್ನ ಕವಿಮಿತ್ರರು ಅನೇಕರು 'ಎಲ್ಲರೂ ಬರೆದರು, ನಾನೂ ಬರೆದೆ' ಅಂತ ಸುಮ್ಮನಾದ ಕಾಲದಲ್ಲಿ ಇವನು ಇಷ್ಟಾದರೂ ಮಾಡಿದ ಅನ್ನುವುದು ದೊಡ್ಡದು.

ಆದರೂ ನನಗೆ ಏನೋ ಕೊರೆಯುತ್ತಿತ್ತು. ವಾಪಸ್ ಬಂದ ಮೇಲೆ ಹಿರೊಆಕಿ ಸಾಟೊ ಅವರ ಇಂಗ್ಲಿಷ್ ಅನುವಾದದಲ್ಲಿ ಆ ಸರಣಿಯನ್ನು ಎರಡು ಸಲ ಓದಿದೆ. ಅಲ್ಲಿ ಚಕ್ರವರ್ತಿ ಇದ್ದಾನೆ, ಅಪ್ಪ ಇದ್ದಾನೆ, ಚಿಯೆಕೊ ಇದ್ದಾಳೆ. ಸಿಗ್ಲಾಪಿನ ಮಣ್ಣಿನಲ್ಲಿದ್ದವರು ನನಗೆ ಸಿಗಲಿಲ್ಲ. ಆತ ಬೇಡಿದ ಕ್ಷಮೆ ತನ್ನ ಜನದ ಮುಂದೆ, ತನ್ನ ಮನಸ್ಸಿನ ಮುಂದೆ. ಯಾವ ಊರು ಬಿದ್ದಿತೆಂದು ಹಾಡಿದನೋ ಆ ಊರು ಲೆಕ್ಕಕ್ಕೇ ಬಂದಿಲ್ಲ. ಹನಮಾಕಿಯ ಗುಡಿಸಲಿಗೆ ಎಷ್ಟೇ ಹೊದಿಕೆ ಹಾಕಿದರೂ ಈ ತೂತು ಮುಚ್ಚುವುದಿಲ್ಲ ಅನ್ನಿಸಿತು.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅಪ್ಪರ್ ಬುಕಿಟ್ ಟಿಮಾ ರಸ್ತೆಯ ಹಳೆಯ ಫೋರ್ಡ್ ಫ್ಯಾಕ್ಟರಿಗೆ ಹೋದೆ. ಬ್ರಿಟಿಷರು ಶರಣಾಗತಿಗೆ ಸಹಿ ಹಾಕಿದ್ದು ಈ ಕಾರ್ ಕಾರ್ಖಾನೆಯಲ್ಲೇ. ಜಪಾನೀಯರು ಊರಿಗೆ ಇಟ್ಟ ಹೆಸರು ಶೋನಾನ್, 'ದಕ್ಷಿಣದ ಬೆಳಕು'. 2017ರ ಫೆಬ್ರವರಿಯಲ್ಲಿ ಇಲ್ಲಿನ ಪ್ರದರ್ಶನವನ್ನು ಹೊಸದಾಗಿ ತೆರೆದಾಗ ಅದೇ ಹೆಸರನ್ನು ಗ್ಯಾಲರಿಗೂ ಇಟ್ಟಿದ್ದರು. ಜನ ಸಿಟ್ಟಾದರು. ಎರಡೇ ದಿನದಲ್ಲಿ ಮಂತ್ರಿಗಳು ಕ್ಷಮೆ ಕೇಳಿ, ಜಪಾನೀ ಆಳ್ವಿಕೆಯಲ್ಲಿ ಬದುಕುಳಿದದ್ದು ಎಂಬರ್ಥದ ಹೆಸರು ಕೊಟ್ಟರು. ಎಪ್ಪತ್ತೈದು ವರ್ಷದ ನಂತರವೂ ಒಂದು ಪದ ಇಷ್ಟು ಉರಿಯುತ್ತದೆ ಅಂದರೆ, ಆ ಕಾಲದಲ್ಲಿ ಕವಿಗಳು ಬಳಸಿದ ಪದಗಳಿಗೆ ಎಷ್ಟು ಶಕ್ತಿ ಇದ್ದಿರಬೇಕು! ಕೋಟಾರೊನ ಹೆಸರು ಅಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಅವನ ಜೀವನದ ಪ್ರದರ್ಶನ ಅಲ್ಲಿಗೆ ಬಂದೇ ಮುಗಿಯಬೇಕು ಅನ್ನಿಸಿತು.

ನಮ್ಮ ಕಡೆ ಕವಿಯ ಮನೆ ಅಂದರೆ ಗುಡಿ. ಕುಪ್ಪಳಿಯ ಕವಿಮನೆಗೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಒಳಗೆ ಹೋದವನು ನಾನು, ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಕವಿ ಎಡವಿದ್ದನ್ನೂ ಒಂದು ಮೂಲೆಯಲ್ಲಿ ಇಡುವ ಧೈರ್ಯ ನಮಗಿದೆಯೇ? ಹನಮಾಕಿಯವರು ಅರ್ಧವಾದರೂ ಇಟ್ಟಿದ್ದಾರೆ.

ಫ್ಯಾಕ್ಟರಿಯಿಂದ ಹೊರಬಂದಾಗ ಮಗಳು ಮತ್ತೆ ಕೇಳಿದಳು, "ಹಾಗಾದ್ರೆ ಆ ಕವಿ ಒಳ್ಳೆಯವನಾ, ಕೆಟ್ಟವನಾ?" ಈ ಸಲ ಜಾರಿಕೊಳ್ಳಲಿಲ್ಲ. ಮೂರೂ ಮ್ಯೂಸಿಯಂ ನೋಡಿದ ಮೇಲೆ ನೀನೇ ಹೇಳು ಅಂದೆ. ಒಂದು ಆಗಿದೆ, ಇನ್ನೆರಡಕ್ಕೆ ಅವಳು ರಜೆಯ ಲೆಕ್ಕ ಹಾಕುತ್ತಿದ್ದಾಳೆ. ನೀವೂ ಸಿಂಗಾಪುರಕ್ಕೆ ಬಂದರೆ ಸೆಂಟೋಸಾ, ಮುಸ್ತಫಾ ಎಲ್ಲ ಮುಗಿಸಿ ಒಂದು ಗಂಟೆ ಫೋರ್ಡ್ ಫ್ಯಾಕ್ಟರಿಗೂ ಇಡಿ.